ಆ ಫರಸಿ ಜಾರುತ್ತಿರಲಿಲ್ಲ

ಪಾರಿಶ್ವಾಡದ ನೀಲವ್ವ ಕಾಲು ಜಾರಿ ಬಿದ್ದವರಲ್ಲ. ಜಾರಿ ಬಿದ್ದರು ಎಂದು ಬರೆದವಳು ನಾನು. ಬರೆಯುವಾಗಲೇ ಅದು ಸುಳ್ಳೆಂದು ನನಗೆ ಗೊತ್ತಿತ್ತು — ಆಮೇಲೆ ಹೊಳೆದದ್ದಲ್ಲ, ಅನುಮಾನವಿತ್ತು ಎಂದೂ ಅಲ್ಲ, ಗೊತ್ತಿತ್ತು. ಇದೊಂದನ್ನು ಮೊದಲೇ ಹೇಳಿ ಮುಗಿಸುತ್ತೇನೆ. ಏಕೆಂದರೆ ಮುಂದೆ ಓದುತ್ತ ಹೋದಂತೆ ನಿಮಗೆ ನನ್ನ ಮೇಲೆ ಕನಿಕರ ಹುಟ್ಟಬಹುದು, ಪಾಪ, ಹೆಣ್ಣುಮಗಳು, ಕೆಲಸದ ಒತ್ತಡ ಎಂದೆಲ್ಲ ಅನಿಸಬಹುದು. ಆ ಕನಿಕರವನ್ನು ದಯವಿಟ್ಟು ನಿಮ್ಮ ಹತ್ತಿರವೇ ಇಟ್ಟುಕೊಳ್ಳಿ.

ಬರೆಯಬೇಡ ಎಂದವರಿದ್ದಾರೆ. "ಮುಗದ ಹೋದ ಮಾತು, ಈಗ್ಯಾಕ ಕೆದರಾಕತ್ತಿ?" ಎಂದು ನನ್ನ ಗಂಡ ಕೇಳಿದರು. ಜೊತೆಗೆ ಕೆಲಸ ಮಾಡುವವಳೊಬ್ಬಳು, ಇದು ಹೊರಬಿದ್ದರೆ ಬೆಳಗಾವಿಯಲ್ಲಿ ಯಾವ ಡಾಕ್ಟರೂ ನಿನಗೆ ಕೆಲಸ ಕೊಡುವುದಿಲ್ಲ ಎಂದಳು. ಕೊಡದಿರಲಿ. ನಾನು ಎಂಥದ್ದನ್ನು ಬರೆಯಬಲ್ಲೆ ಎಂದು ಗೊತ್ತಾದ ಮೇಲೆ ಕೊಡಲೂಬಾರದು. ನೀಲವ್ವನ ಹೆಸರನ್ನು ಹೀಗೆ ಬಯಲಿಗೆ ತರಬಹುದೇ ಎಂದು ಕೇಳುವವರಿಗೆ ಒಂದೇ ಮಾತು — ಹೆಸರು ಹಾಕಿ ಬರೆಯಿರಿ ಎಂದು ಹೇಳಿದವರು ಅವರೇ.

ನಾನು ಔಷಧಶಾಸ್ತ್ರ ಓದಿದವಳು. ರವಿವಾರ ಪೇಟೆಯ ಸಗಟು ಔಷಧದಂಗಡಿಯೊಂದರಲ್ಲಿ ಕೆಲವು ವರ್ಷ ದುಡಿದು, ಆಮೇಲೆ ಬೆಳಗಾವಿಯಲ್ಲೇ ಸಕ್ಕರೆ ಕಾಯಿಲೆಯ ಡಾಕ್ಟರೊಬ್ಬರ ಕ್ಲಿನಿಕ್ಕಿನಲ್ಲಿ ನಡೆಯುತ್ತಿದ್ದ ಔಷಧ ಅಧ್ಯಯನಕ್ಕೆ ಸಂಯೋಜಕಿಯಾಗಿ ಸೇರಿದೆ. ಆ ಅಧ್ಯಯನ ಅಂದರೆ ಏನೆಂದು ಹೇಳಿಬಿಡುತ್ತೇನೆ. ಹೊಸ ಗುಳಿಗೆ ಪೇಟೆಗೆ ಬರುವ ಮೊದಲು ಆಸ್ಪತ್ರೆಗಳಲ್ಲಿ ಆಯ್ದ ಜನರ ಮೇಲೆ ಅದರ ಪರೀಕ್ಷೆಯಾಗುತ್ತದೆ. ಆ ಜನ ಹೊತ್ತಿಗೆ ಸರಿಯಾಗಿ ಉಣ್ಣುತ್ತಾರೆ, ಹೊತ್ತಿಗೆ ಸರಿಯಾಗಿ ಗುಳಿಗೆ ನುಂಗುತ್ತಾರೆ, ಹೇಳಿದ ದಿನ ಬಂದು ರಕ್ತ ಕೊಡುತ್ತಾರೆ. ಅಂಥ ಶಿಸ್ತಿನವರು ನಮ್ಮ ನಿಮ್ಮ ಮನೆಗಳಲ್ಲಿ ಎಷ್ಟು ಮಂದಿ? ಅದಕ್ಕಾಗಿ ಪೇಟೆಗೆ ಬಂದ ಮೇಲೆ ಇನ್ನೊಮ್ಮೆ ನೋಡುತ್ತಾರೆ. ಹಬ್ಬಕ್ಕೆ ಹೋಳಿಗೆ ಬಿಡದವರು, ಬಸ್ಸು ಸಿಗದೆ ಮಧ್ಯಾಹ್ನದ ಊಟ ತಪ್ಪಿಸಿಕೊಳ್ಳುವವರು, ಬೆಳಿಗ್ಗೆಯಿಂದ ಗದ್ದೆಯಲ್ಲಿ ಬಗ್ಗಿ ನಿಲ್ಲುವವರು — ಇಂಥವರ ಮೈಯಲ್ಲಿ ಆ ಗುಳಿಗೆ ಹೇಗೆ ನಡೆದುಕೊಳ್ಳುತ್ತದೆ ಎಂದು. ನಿಜಜೀವನದ ಅಧ್ಯಯನ ಎಂದು ಅದಕ್ಕೆ ಹೆಸರು. ಯಾರಿಗೂ ಹೊಸದಾಗಿ ಏನನ್ನೂ ಕೊಡುವುದಿಲ್ಲ. ಡಾಕ್ಟರು ಹೇಗೂ ಬರೆದುಕೊಟ್ಟ ಗುಳಿಗೆಯನ್ನು ತೆಗೆದುಕೊಳ್ಳುವವರ ದಿನನಿತ್ಯವನ್ನು ನೋಡಿ ಬರೆದುಕೊಳ್ಳುವುದಷ್ಟೇ. ಒಳ್ಳೆಯ ಕೆಲಸ. ಇಂದಿಗೂ ಅದನ್ನು ಒಳ್ಳೆಯ ಕೆಲಸವೆಂದೇ ನಂಬುತ್ತೇನೆ, ಮತ್ತು ಅದನ್ನು ಕೆಡಿಸಿದವಳು ನಾನೆಂದೂ ಬಲ್ಲೆ.

ನನ್ನ ಪಾಲಿಗೆ ಖಾನಾಪುರ ತಾಲೂಕು ಬಂತು. ಹದಿನೈದು ದಿನಕ್ಕೊಮ್ಮೆ ಫೋನು, ಎರಡು ತಿಂಗಳಿಗೊಮ್ಮೆ ಮನೆಗೆ ಭೇಟಿ. ಒಂದು ಊರಿನಲ್ಲಿ ಕನ್ನಡ, ಮುಂದಿನ ಊರಿನಲ್ಲಿ ಮರಾಠಿ; ಎರಡೂ ನನಗೆ ಸಲೀಸು. ಕೈಯಲ್ಲಿ ಗುಳಿಗೆ ತಯಾರಿಸುವ ಕಂಪನಿ ಕೊಟ್ಟ ಟ್ಯಾಬು, ಅದರಲ್ಲಿ ಸಾಲು ಸಾಲು ಪ್ರಶ್ನೆ. ಏಳನೆಯದು ಊಟದ ಕ್ರಮದ್ದು — ನಿಯಮಿತ, ಅನಿಯಮಿತ. ನಿಯಮಿತ ಎಂದು ಒತ್ತಿದರೆ ನೇರವಾಗಿ ಎಂಟನೆಯ ಪ್ರಶ್ನೆಗೆ ಹೋಗುತ್ತದೆ. ಅನಿಯಮಿತ ಎಂದರೆ ನಾಲ್ಕು ಪುಟ ಬಿಚ್ಚಿಕೊಳ್ಳುತ್ತವೆ: ಉಪವಾಸ ಮಾಡುತ್ತಾರೆಯೇ, ಯಾವ ದಿನ, ಎಷ್ಟು ತಾಸು, ಆ ದಿನ ಗುಳಿಗೆ ತೆಗೆದುಕೊಳ್ಳುತ್ತಾರೆಯೇ, ಬೆವರುತ್ತಾರೆಯೇ, ಕೈ ನಡುಗುತ್ತದೆಯೇ. ಆ ಪುಟಗಳನ್ನು ಯಾರು ಬರೆದರೋ ತಿಳಿಯದು. ಎಲ್ಲೋ ಕುಳಿತು ನಮ್ಮಂಥವರ ಮನೆಗಳನ್ನು ನೆನೆದೇ ಬರೆದಿದ್ದರು. ಮೊದಲ ವಾರ ಒಬ್ಬರಿಗಾಗಿ ಅವನ್ನು ತೆರೆದೆ. ನೆಟ್‌ವರ್ಕ್ ಹೋಯಿತು, ಅರ್ಧ ತುಂಬಿದ್ದು ಅಳಿಸಿತು, ಮತ್ತೆ ಮೊದಲಿನಿಂದ ಕೇಳಬೇಕಾಯಿತು, ಕೊನೆಯ ಬಸ್ಸು ತಪ್ಪಿತು. ಅಂದಿನಿಂದ ನನ್ನ ಪಟ್ಟಿಯಲ್ಲಿದ್ದ ಪ್ರತಿಯೊಬ್ಬರ ಊಟವೂ ನಿಯಮಿತವಾಯಿತು.

ನಮ್ಮ ಬಳಗದಲ್ಲಿ ಶ್ರಾವಣ ಸೋಮವಾರ ಒಪ್ಪತ್ತು ಮಾಡದ ಹೆಂಗಸು ಒಬ್ಬಳೂ ಇಲ್ಲ. ನನ್ನ ಅವ್ವ ಮದುವೆಯಾಗಿ ಬಂದಂದಿನಿಂದ ಮಾಡುತ್ತಿದ್ದಾಳೆ — ಇಡೀ ದಿನ ಏನೂ ಇಲ್ಲ, ಸಂಜೆ ಪೂಜೆ ಮುಗಿಸಿ ಒಂದೇ ಊಟ. ಹೊರಗಿನಿಂದ ಬಂದವಳು ಯಾರಾದರೂ ಹಾಗೆ ಟಿಕ್ ಮಾಡಿದ್ದರೆ ಅವಳಿಗೆ ನಮ್ಮ ರೀತಿ ತಿಳಿಯದು ಎನ್ನಬಹುದಿತ್ತು. ನಾನು ಅದೇ ಸೋಮವಾರಗಳ ಸಂಜೆಯ ಊಟ ಉಂಡು ಬೆಳೆದವಳು.

ನೀಲವ್ವ ಪಾರಿಶ್ವಾಡದ ಶಾಲೆಯಲ್ಲಿ ಬಿಸಿಯೂಟದ ಅಡಿಗೆ ಮಾಡುತ್ತಿದ್ದರು. ಐವತ್ತರ ಹತ್ತಿರದ ವಯಸ್ಸು, ಗಟ್ಟಿ ಮೈಕಟ್ಟು, ದೊಡ್ಡ ದನಿ. ಕ್ಲಿನಿಕ್ಕಿಗೆ ಬಂದ ಮೊದಲ ದಿನವೇ ನನ್ನ ಟ್ಯಾಬನ್ನು ನೋಡಿ, "ಇದರಾಗ ನಮ್ಮ ಸಾಲಿ ಹಾಜರಿನೂ ಹಾಕತೀರೇನ್ರಿ?" ಎಂದು ನಗಿಸಿದವರು. ನಾನು ಪ್ರಶ್ನೆ ಕೇಳುತ್ತ ಹೋದಂತೆ ಅವರು ಕೇಳದ್ದನ್ನೂ ಹೇಳುತ್ತ ಹೋದರು. ಶ್ರಾವಣದಲ್ಲಿ ಸೋಮವಾರ ಚಹಾ ಕೂಡ ಮುಟ್ಟುವುದಿಲ್ಲವಂತೆ, ಆದರೆ ಮಕ್ಕಳಿಗೆ ಅಡಿಗೆ ಮಾತ್ರ ಆಗಲೇಬೇಕಲ್ಲ.

"ಸೋಮವಾರ ಉಪ್ಪ ನೋಡಾಕ ಮಾಸ್ತರನ ಕರೀಬೇಕ್ರಿ ಬಾಯಾರ," ಎಂದರು. "ಅವರು ಎಂದೂ ಕಮ್ಮಿ ಆಗೇತಿ ಅನ್ನೂದಿಲ್ಲ, ಜಾಸ್ತಿ ಆಗೇತಿ ಅನ್ನೂದಿಲ್ಲ. ಪಾಪ, ನನಗ ಹೆದರತಾರ."

ಇಬ್ಬರೂ ನಕ್ಕೆವು. ನಗುತ್ತಲೇ ನನ್ನ ಬೆರಳು ಏಳನೆಯ ಪ್ರಶ್ನೆಯ ಮೇಲೆ ಹೋಯಿತು. ನಿಯಮಿತ.

ಹೊರಡುವಾಗ ಅವರು ಬಾಗಿಲಲ್ಲಿ ನಿಂತು ಕೇಳಿದರು. "ಹಂಗಾದ್ರ ಸೋಮವಾರ ಈ ಗುಳಗಿ ಏನ್ ಮಾಡೂದ್ರಿ? ತಗೊಂಡ್ರ ಒಪ್ಪತ್ತ ಕೆಡತೈತೇನ್ರಿ?"

ಇದಕ್ಕಿಂತ ನೇರವಾಗಿ ಯಾರೂ ಕೇಳಲಾರರು. ಒಬ್ಬ ಔಷಧಶಾಸ್ತ್ರದವಳ ಮುಂದೆ ಆ ಹೆಂಗಸು ತನ್ನ ಜೀವದ ಪ್ರಶ್ನೆ ಇಟ್ಟಿದ್ದರು. ಆದರೆ ನನ್ನ ಕಿವಿಗೆ ಬಿದ್ದದ್ದು ಅವ್ವನ ಪೂಜೆಯ ಕೋಣೆಯಲ್ಲಿ ಕೇಳುವ ಪ್ರಶ್ನೆ. ನಾನು ಉತ್ತರ ಕೊಟ್ಟದ್ದು ಒಪ್ಪತ್ತಿನ ಮಡಿಗೆ, ಮೈಯ ಸಕ್ಕರೆಗಲ್ಲ.

"ಗುಳಗಿ ಅಂದ್ರ ಊಟ ಅಲ್ಲಲ್ರಿ ನೀಲವ್ವಾರ," ಎಂದೆ. "ಒಂದ ಗುಟಕ ನೀರಾಗ ನುಂಗ್ರಿ, ಏನೂ ಕೆಡೂದಿಲ್ಲ. ಒಂದ ದಿನಾನೂ ಬಿಡಬ್ಯಾಡ್ರಿ."

ಬಿಡಬೇಡಿ ಎಂದದ್ದಕ್ಕೆ ಇನ್ನೊಂದು ಕಾರಣವೂ ಇತ್ತು, ಮುಚ್ಚಿಡುವುದಿಲ್ಲ. ಗುಳಿಗೆ ತಪ್ಪಿಸಿದ ದಿನಗಳು ಹೆಚ್ಚಾದರೆ ನನ್ನ ಕೇಂದ್ರದ, ಅಂದರೆ ನಮ್ಮ ಕ್ಲಿನಿಕ್ಕಿನ, ಹೆಸರು ಪಟ್ಟಿಯಲ್ಲಿ ಕೆಳಗಿಳಿಯುತ್ತಿತ್ತು. ಪುಣೆಯಿಂದ ಬರುತ್ತಿದ್ದ ಮೇಲ್ವಿಚಾರಕರು ಪ್ರತಿಸಲವೂ, ನಿಮ್ಮ ಮಾಹಿತಿ ಎಲ್ಲರಿಗಿಂತ ಸ್ವಚ್ಛ ಎನ್ನುತ್ತಿದ್ದರು. ಸುಳ್ಳು ಬರೆಯಿರಿ ಎಂದು ಅವರು ನನಗೆ ಹೇಳಲಿಲ್ಲ. ಕಂಪನಿ ಹೇಳಲಿಲ್ಲ. ಡಾಕ್ಟರೂ ಹೇಳಲಿಲ್ಲ, ನಾನು ಬೆರಳಿಟ್ಟು ತೋರಿಸಿದಲ್ಲಿ ಅವರು ನಂಬಿ ಸಹಿ ಹಾಕುತ್ತಿದ್ದರು. ಎಲ್ಲ ಕಂಪನಿಯವರದೇ ಪಿತೂರಿ ಎಂದು ಇದನ್ನು ಓದಿ ಖುಷಿಪಡಬೇಕೆಂದಿದ್ದವರಿಗೆ ನಿರಾಶೆಯಾಗಬಹುದು. ಯಾರೂ ಕೇಳದೆಯೇ ನಾನು ಸುಳ್ಳು ಬರೆದೆ — ಹೊಗಳಿಸಿಕೊಳ್ಳುವುದು ನನಗೆ ಅಷ್ಟು ಇಷ್ಟವಾಗಿತ್ತು.

ನೀಲವ್ವನ ಗಂಡ ಈರಪ್ಪ. ಗೌಂಡಿ ಕೆಲಸದವರು. ಅಕ್ಕಪಕ್ಕದ ಹಳ್ಳಿಗಳಲ್ಲಿ ಯಾರ ಮನೆಗೆ ನೆಲ ಹಾಕಬೇಕಾದರೂ ಅವರನ್ನೇ ಕರೆಯುತ್ತಿದ್ದರು. ನಾನು ಮೊದಲ ಸಲ ಮನೆಗೆ ಹೋದಾಗ ಅವರ ಅಡಿಗೆಮನೆಯ ಫರಸಿ, ಅಂದರೆ ಕಲ್ಲುಹಾಸಿನ ನೆಲ, ಹೊಸದು. ಹೆಂಡತಿ ಶಾಲೆಯಲ್ಲಿ ಹೊಗೆಯಲ್ಲಿ ಬೇಯುತ್ತಾಳೆ, ಮನೆಯಲ್ಲಾದರೂ ನೆಟ್ಟಗಿರಲಿ ಎಂದು ಕಲ್ಲು ಆರಿಸಿ ತಂದು, ಒಬ್ಬರೇ ಕೂರಿಸಿ, ಒಬ್ಬರೇ ತಿಕ್ಕಿ ನುಣುಪು ಮಾಡಿದ್ದರು. ನನಗೆ ಚಪ್ಪಲಿ ಬಿಟ್ಟು ಒಳಗೆ ಬಂದು ನಿಲ್ಲಲು ಹೇಳಿದರು. "ಎಲ್ಲೆರ ಒಂದ ಸಂದಿ ಕೈಗೆ ಹತ್ತತೈತೇನ ನೋಡ್ರಿ," ಎಂದರು. ಬಗ್ಗಿ ಬೆರಳಾಡಿಸಿದೆ. ಹತ್ತಲಿಲ್ಲ. ಮಾತು ಕಡಿಮೆಯ ಮನುಷ್ಯ, ಅವತ್ತು ಆ ನೆಲದ ಬಗ್ಗೆ ಅರ್ಧ ತಾಸು ಮಾತಾಡಿದರು.

ಶ್ರಾವಣದ ಎರಡನೆಯ ಸೋಮವಾರ ನೀಲವ್ವ ಆ ನೆಲದ ಮೇಲೆ ಬಿದ್ದರು. ಮಂಗಳವಾರ ನಾನು ಹದಿನೈದು ದಿನದ ಫೋನು ಮಾಡಿದಾಗ ಈರಪ್ಪ ಎತ್ತಿ, "ನಿನ್ನಿ ಸಂಜಿಮುಂದ ಅಡಗಿಮನ್ಯಾಗ ಬಿದ್ದಾಳ್ರಿ, ಹಣಿಗಿ ಹೊಲಿಗಿ ಹಾಕ್ಯಾರ," ಎಂದರು. ಮರುದಿನ ಖಾನಾಪುರಕ್ಕೆ ಹೋಗಿ ಅಲ್ಲಿಂದ ಪಾರಿಶ್ವಾಡದ ಬಸ್ಸು ಹಿಡಿದೆ. ನೀಲವ್ವ ಗೋಡೆಗೆ ಒರಗಿ ಕುಳಿತಿದ್ದರು. ಹಣೆಗೆ ಪಟ್ಟಿ, ಬಲಗೈ ಮಣಿಕಟ್ಟು ಬಾತಿತ್ತು. ಹೇಗಾಯಿತು ಎಂದು ಕೇಳಿದೆ.

"ಬೀಳೂಕಿಂತ ಮದಲ ಮೈಯೆಲ್ಲಾ ತಣ್ಣನ ಬೆವರ ಬಂತ್ರಿ ಬಾಯಾರ. ಕೈ ಥರಥರ ನಡಗಾಕತ್ತಿದ್ದು. ಕಣ್ಣ ಮುಂದ ಮಂಜ ಮಂಜ. ಆಮ್ಯಾಲ ಏನಾತು ಗೊತ್ತಿಲ್ರಿ. ಬಾಜೂ ಮನ್ಯಾಕಿ ಬಂದು ಬಾಯಾಗ ಸಕ್ಕರಿ ಚಹಾ ಹಾಕಿದ್ಲಂತ, ಎಚ್ಚರಾತು."

ತಣ್ಣನೆಯ ಬೆವರು, ನಡುಕ, ಮಂಜು, ಸಕ್ಕರೆ ಬಿದ್ದೊಡನೆ ಎಚ್ಚರ. ಬೆಳಿಗ್ಗೆ ಗುಳಿಗೆ ನುಂಗಿ ಸಂಜೆಯವರೆಗೆ ಹೊಟ್ಟೆಗೆ ಏನೂ ಹಾಕದವರ ರಕ್ತದಲ್ಲಿ ಸಕ್ಕರೆ ಇಳಿದುಹೋದರೆ ಆಗುವುದು ಇದೇ. ಇದನ್ನು ಗುರುತಿಸಲು ಪದವಿಯೂ ಬೇಕಾಗಿಲ್ಲ, ಮತ್ತು ನನ್ನ ಹತ್ತಿರ ಪದವಿಯೂ ಇತ್ತು. ಆ ಅಧ್ಯಯನ ಇದ್ದದ್ದೇ ಇಂಥ ಒಂದು ಸೋಮವಾರವನ್ನು ಹಿಡಿದು ಬರೆಯುವುದಕ್ಕೆ. ನಾನು ಅದನ್ನು ಬರೆಯಬೇಕಿತ್ತು, ಆ ದಿನವೇ ಕಳಿಸಬೇಕಿತ್ತು. ಕಳಿಸಿದ್ದರೆ ಮೊದಲ ಪ್ರಶ್ನೆ ಬರುತ್ತಿದ್ದದ್ದು ಏಳನೆಯ ಪ್ರಶ್ನೆಯ ಬಗ್ಗೆ — ಇವರು ಉಪವಾಸ ಮಾಡುವವರು, ಊಟ ನಿಯಮಿತ ಎಂದು ಹೇಗೆ ಬರೆದಿರಿ? ಆಮೇಲೆ ಉಳಿದವರದು. ಖಾನಾಪುರ ತಾಲೂಕಿನಲ್ಲಿ ಯಾರೂ ಒಂದು ಹೊತ್ತೂ ತಪ್ಪಿಸುವುದಿಲ್ಲವೇ ಎಂದು ಕೇಳುತ್ತಿದ್ದರು. ಇದೆಲ್ಲ ನನ್ನ ತಲೆಯಲ್ಲಿ ಓಡಲು ಎಷ್ಟು ಹೊತ್ತು ಬೇಕಾಯಿತು — ಅವರು ಕೈಯನ್ನು ಸೆರಗಿನಲ್ಲಿ ಸುತ್ತಿಕೊಳ್ಳುವಷ್ಟು ಹೊತ್ತು.

"ಅಡಗಿಮನಿ ಫರಸಿ ಒದ್ದಿ ಇತ್ತೇನ್ರಿ?" ಎಂದು ಕೇಳಿದೆ.

"ಒದ್ದಿ ಇದ್ದs ಇರತೈತ್ರಿ. ಪೂಜಿ ದಿವಸ ತೊಳೀತೇನಲ್ರಿ."

"ಹಂಗಾದ್ರ ಕಾಲ ಜಾರೈತ್ರಿ, ಬ್ಯಾರೆ ಏನಿಲ್ಲ. ನುಣುಪ ಫರಸಿ ಮ್ಯಾಲ ನೀರ ಬಿದ್ರ ಹಂಗs ಆಗೂದು."

ಇಷ್ಟೇ ನಾನು ಹೇಳಿದ್ದು. ನೀಲವ್ವ ಹೌದೇನೋ ಎಂಬಂತೆ ತಲೆಯಾಡಿಸಿದರು — ಓದಿದವಳು ಹೇಳಿದ್ದಾಳೆ ಎಂದಮೇಲೆ ತನ್ನ ಮೈಗೆ ಆದದ್ದನ್ನೇ ಅವರು ಬಿಟ್ಟುಕೊಟ್ಟರು. ಬಾಗಿಲಲ್ಲಿ ನಿಂತಿದ್ದ ಈರಪ್ಪ ನನ್ನನ್ನು ನೋಡಲಿಲ್ಲ, ಹೆಂಡತಿಯನ್ನೂ ನೋಡಲಿಲ್ಲ. ಕೆಳಗೆ ನೋಡುತ್ತಿದ್ದರು. ನನಗೆ ಚಹಾ ಬಂತು, ಕುಡಿದೆ. ಎದ್ದು ಹೊರಡುವಾಗ ಮತ್ತೆ ಹೇಳಿದೆ, "ಗುಳಗಿ ಮಾತ್ರ ಬಿಡಬ್ಯಾಡ್ರಿ."

ಎರಡನೆಯ ಸಲ ಹೇಳಿದೆನಲ್ಲ, ಅದನ್ನು ನೆನೆದರೆ ಇಂದಿಗೂ ನನ್ನ ಮೇಲೆ ನನಗೆ ಸಿಟ್ಟು ಬರುತ್ತದೆ. ಮೊದಲ ಸಲ ಹೇಳಿದ್ದು ತಿಳಿಯದೆ ಆದ ತಪ್ಪು ಎನ್ನಬಹುದು. ಎರಡನೆಯ ಸಲ ಎಲ್ಲ ತಿಳಿದಿತ್ತು. ಸೋಮವಾರ ಮಾತ್ರ ಇದನ್ನು ತೆಗೆದುಕೊಳ್ಳಬೇಡಿ, ಡಾಕ್ಟರನ್ನು ಕೇಳೋಣ ಎಂದು ಹೇಳಲು ನನ್ನ ಬಾಯಿಗೆ ಏನಾಗಿತ್ತು? ಹೇಳಿದರೆ ಸೋಮವಾರಕ್ಕೂ ಬಿದ್ದದ್ದಕ್ಕೂ ಸಂಬಂಧವಿದೆ ಎಂದು ನಾನೇ ಒಪ್ಪಿಕೊಂಡಂತೆ ಆಗುತ್ತಿತ್ತು. ಹಾಗಾಗಿ —

ಬಸ್ಸಿನಲ್ಲಿ ಕುಳಿತು ಫಾರ್ಮು ತುಂಬಿದೆ. ಆಕಸ್ಮಿಕ ಬೀಳುವಿಕೆ. ಕಾರಣ: ಒದ್ದೆ ನೆಲ. ಔಷಧಕ್ಕೆ ಸಂಬಂಧ: ಇಲ್ಲ. ಡಾಕ್ಟರ ಸಹಿಯಾಯಿತು. ಎಲ್ಲೂ ಯಾರೂ ಏನೂ ಕೇಳಲಿಲ್ಲ.

ದಸರೆಯ ಹೊತ್ತಿಗೆ ಮುಂದಿನ ಭೇಟಿಗೆ ಹೋದೆ. ಅಡಿಗೆಮನೆಯ ಬಾಗಿಲಲ್ಲಿ ಒಡೆದ ಕಲ್ಲುಗಳ ರಾಶಿ. ಈರಪ್ಪ ತಾವೇ ಕೂರಿಸಿದ ಫರಸಿಯನ್ನು ಉಳಿ ಹಿಡಿದು ಒಂದೊಂದಾಗಿ ಎಬ್ಬಿಸಿ ತೆಗೆದಿದ್ದರು. ಅಲ್ಲಿ ಈಗ ತಿಕ್ಕದ ಒರಟು ಕಲ್ಲು. ನೀಲವ್ವ ಬೇಡವೆಂದರೂ ಕೇಳಲಿಲ್ಲವಂತೆ. "ನಾ ಹಾಕಿದ ನೆಲದಾಗ ಬಿದ್ಲು ಅಂದ್ರ ಹೆಂಗ್ರಿ," ಎಂದರು ನನಗೆ, ಅಪರಾಧ ಮಾಡಿದವರ ದನಿಯಲ್ಲಿ. "ಇನ್ನ ಜಾರೂದಿಲ್ರಿ. ಕಾಲಿಟ್ಟ ನೋಡ್ರಿ ಬಾಯಾರ."

ನಾನು ಕಾಲಿಟ್ಟೆ. "ಚಲೋ ಆಗೇತ್ರಿ," ಎಂದೆ.

ಅಧ್ಯಯನ ಯುಗಾದಿಯ ಹೊತ್ತಿಗೆ ಮುಗಿಯಿತು. ನೀಲವ್ವ ಅದೇ ಗುಳಿಗೆಯನ್ನು ತೆಗೆದುಕೊಳ್ಳುತ್ತಿದ್ದರು. ಬಿಡಬಾರದೆಂದು ನಾನೇ ಹೇಳಿದ್ದೆನಲ್ಲ. ಮತ್ತೆ ಶ್ರಾವಣ ಬಂತು. ಈ ಸಲ ನನ್ನ ಫೋನಿಲ್ಲ, ಭೇಟಿಯಿಲ್ಲ. ಬೆಳಗಾವಿಯ ಒಂದು ಆಸ್ಪತ್ರೆಗೆ ಬೇರೆ ಕೆಲಸದ ಮೇಲೆ ಹೋಗಿದ್ದಾಗ ಮೂಳೆ ವಿಭಾಗದ ಹೊರಗೆ ಬಾಕಿನ ಮೇಲೆ ಈರಪ್ಪ ಕುಳಿತದ್ದು ಕಂಡಿತು. ನನ್ನನ್ನು ನೋಡಿ ಎದ್ದು ನಿಂತರು. ಸೋಮವಾರ ಸಂಜೆ ಪೂಜೆಗೆ ಹೂವು ತೆಗೆದುಕೊಂಡು ಏಳುವಾಗ ನೀಲವ್ವ ಬಿದ್ದಿದ್ದರು. ಅದೇ ಅಡಿಗೆಮನೆ. ಸೊಂಟದ ಮೂಳೆ ಮುರಿದಿತ್ತು, ಒಳಗೆ ಆಪರೇಷನ್ ನಡೆದಿತ್ತು.

"ನುಣುಪ ಹಾಕಿದೆ, ಜಾರಿದ್ಲು," ಎಂದರು ಈರಪ್ಪ. "ಒರಟ ಹಾಕಿದೆ, ಎಡವಿದ್ಲು. ನನ್ನ ಕೈಯಾಗ ಏನೋ ಐತ್ರಿ ಬಾಯಾರ."

ಆಗ ಹೇಳಬಹುದಿತ್ತು. ಬಾಕಿನ ಮೇಲೆ ಅವರ ಬಾಜು ಕುಳಿತು, ಈರಪ್ಪಾರ, ನಿಮ್ಮ ಕೈಯಲ್ಲಿ ಏನೂ ಇಲ್ಲ, ಅದು ನನ್ನ ಕೈಯ ಕೆಲಸ ಎಂದು ಹೇಳಲು ಒಂದು ನಿಮಿಷ ಸಾಕಿತ್ತು. ನಾನು ಹೋಗಿ ಚಹಾ ತಂದುಕೊಟ್ಟೆ. ಆರಾಮಾಗುತ್ತಾರೆ, ಚಿಂತೆ ಮಾಡಬೇಡಿ ಎಂದೆ. ಬೇರೆ ಕೆಲಸವಿದೆ ಎಂದು ಲಿಫ್ಟಿನ ಕಡೆಗೆ ನಡೆದೆ. ಆ ಆಸ್ಪತ್ರೆಯವರು ಬೇರೇನೋ ಕಾರಣಕ್ಕೆ ನೀಲವ್ವನ ಸಕ್ಕರೆಯ ಔಷಧ ಬದಲಿಸಿದರಂತೆ. ಅದಾದ ಮೇಲೆ ನೀಲವ್ವ ಬೀಳಲಿಲ್ಲ. ಬೀಳಲು ಅವರು ನಡೆಯುತ್ತಲೂ ಇರಲಿಲ್ಲ. ವಾಕರ್ ಹಿಡಿದು ಹಿತ್ತಲಿಗೆ ಹೋಗಿ ಬಂದರೆ ಅದೇ ದೊಡ್ಡದು. ಶಾಲೆಯ ಅಡಿಗೆಯ ಪಾತ್ರೆ ಎತ್ತಲಾಗದೆ ಆ ಕೆಲಸ ಹೋಯಿತು. ಈರಪ್ಪ ಮತ್ತೆ ಯಾರ ಮನೆಗೂ ನೆಲ ಹಾಕಲಿಲ್ಲ. ಗೋಡೆ ಕಟ್ಟಿದರು, ಗಿಲಾವು ಮಾಡಿದರು. ಫರಸಿ ಎಂದರೆ ಬೇರೆಯವರನ್ನು ನೋಡಿಕೊಳ್ಳಿ ಎನ್ನುತ್ತಿದ್ದರಂತೆ.

ಆ ದೀಪಾವಳಿಯ ಆಸುಪಾಸಿನಲ್ಲಿ ಹೋಟೆಲೊಂದರಲ್ಲಿ ಸಭೆಯಾಯಿತು. ಅಧ್ಯಯನದ ಫಲವನ್ನು ಮಡಿಸಿದ ಬಣ್ಣದ ಕಾಗದದಲ್ಲಿ ಅಚ್ಚು ಹಾಕಿಸಿ ಡಾಕ್ಟರುಗಳಿಗೆ ಹಂಚಿದರು. ಹಳ್ಳಿಯ ಜನರ ದೈನಂದಿನ ಬದುಕಿನಲ್ಲೂ ಈ ಗುಳಿಗೆ ಸುರಕ್ಷಿತ ಎಂದಿತ್ತು ಅದರಲ್ಲಿ. ಆ ಮಾತಿನ ಹಿಂದೆ ಇದ್ದ ಹಳ್ಳಿಗಳಲ್ಲಿ ನನ್ನವೂ ಇದ್ದವು. ಅತ್ಯಂತ ಸ್ವಚ್ಛ ಮಾಹಿತಿ ಎಂದು ನನ್ನನ್ನು ವೇದಿಕೆಗೆ ಕರೆದು ಪ್ರಶಸ್ತಿಪತ್ರ ಕೊಟ್ಟರು. ತೆಗೆದುಕೊಂಡೆ. ಫೋಟೊದಲ್ಲಿ ನಕ್ಕಿದ್ದೇನೆ, ಬೇಕಾದರೆ ತೋರಿಸುತ್ತೇನೆ.

ಇಷ್ಟು ವರ್ಷ ಸುಮ್ಮನಿದ್ದವಳು ಈಗ ಬಾಯಿ ಬಿಟ್ಟಿದ್ದು ಏಕೆ? ಪಶ್ಚಾತ್ತಾಪ ತಾನಾಗಿ ಬೆಳೆದು ಬಂತು ಎಂದು ಬರೆದರೆ ಅದು ಇನ್ನೊಂದು ಸುಳ್ಳು. ಅವ್ವನಿಗೆ ಸಕ್ಕರೆ ಕಾಯಿಲೆ ಶುರುವಾಯಿತು. ಕೋಟೆಯ ಹತ್ತಿರದ ಡಾಕ್ಟರೊಬ್ಬರಿಗೆ ತೋರಿಸಿದೆವು. ಅವರು ಮೇಜಿನ ಡ್ರಾಯರಿನಿಂದ ಅದೇ ಬಣ್ಣದ ಕಾಗದ ತೆಗೆದು, "ಹಳ್ಳಿ ಮಂದಿ ಮ್ಯಾಲೂ ನೋಡ್ಯಾರ್ರಿ, ಏನೂ ತ್ರಾಸಿಲ್ಲ," ಎಂದು ಅದೇ ಗುಳಿಗೆ ಬರೆದರು. ಅವ್ವನ ಪಕ್ಕದಲ್ಲಿ ಕುಳಿತಿದ್ದ ನಾನು ಆ ಚೀಟಿಯನ್ನು ಮಡಿಸಿ ಚೀಲಕ್ಕೆ ಹಾಕಿಕೊಂಡೆ. ಈ ಶ್ರಾವಣದ ಮೊದಲ ಸೋಮವಾರ ಬೆಳಿಗ್ಗೆ ಅವ್ವ ಸ್ನಾನ ಮಾಡಿ ವಿಭೂತಿ ಹಚ್ಚಿಕೊಂಡು, ಒಂದು ಕೈಯಲ್ಲಿ ನೀರಿನ ತಂಬಿಗೆ, ಇನ್ನೊಂದು ಕೈಯಲ್ಲಿ ಗುಳಿಗೆ ಹಿಡಿದು ನನ್ನನ್ನು ಕೇಳಿದಳು. "ಇದನ್ನ ತಗೊಂಡ್ರ ಒಪ್ಪತ್ತ ಕೆಡತೈತೇನವಾ?"

ನಾನು ಎದ್ದು ಹೋಗಿ ಗುಳಿಗೆಯನ್ನು ಅವಳ ಕೈಯಿಂದ ಕಸಿದೆ. ಕಸಿದ ರಭಸಕ್ಕೆ ತಂಬಿಗೆಯ ನೀರು ಚೆಲ್ಲಿತು. "ಉಪಾಸ ಇದ್ದ ದಿವಸ ಇದು ಬ್ಯಾಡ," ಎಂದೆ, "ಹೊಟ್ಟ್ಯಾಗ ಏನೂ ಇಲ್ದ ತಗೊಂಡ್ರ ಬೀಳತಿ." ಆಮೇಲೆ ಡಾಕ್ಟರಿಗೆ ಫೋನ್ ಮಾಡಿ, ಉಪವಾಸದ ದಿನಕ್ಕೆ ಅವರು ಬೇರೆ ಉಪಾಯ ಹೇಳುವವರೆಗೆ ಬಿಡಲಿಲ್ಲ. ಅವ್ವ ನೆಲ ಒರೆಸುತ್ತಿದ್ದಳು. ನನ್ನ ಬಾಯಿಗೆ ಆ ಮಾತು ಗೊತ್ತಿತ್ತು. ಅರ್ಧ ಕ್ಷಣವೂ ಬೇಕಾಗಲಿಲ್ಲ. ನನ್ನ ತಾಯಿಯಾದರೆ ಹೇಳಲು ಬಂತು, ನೀಲವ್ವನಿಗೆ ಹೇಳಲು ಬರಲಿಲ್ಲ — ಇದಕ್ಕೆ ಯಾವ ಹೆಸರಿಡುತ್ತೀರೋ ಇಡಿ, ನಾನು ಒಪ್ಪುತ್ತೇನೆ.

ಆ ವಾರವೇ ಪಾರಿಶ್ವಾಡಕ್ಕೆ ಹೋದೆ. ಈರಪ್ಪ ಇರಲಿಲ್ಲ. ಹೋದ ಚಳಿಗಾಲದಲ್ಲಿ ಕೆಲಸದ ಮೇಲಿದ್ದಾಗಲೇ ಎದೆನೋವು ಬಂದು ತೀರಿಕೊಂಡಿದ್ದರು. ನನಗೆ ಗೊತ್ತಿರಲಿಲ್ಲ, ಗೊತ್ತುಮಾಡಿಕೊಳ್ಳುವ ಪ್ರಯತ್ನವನ್ನೂ ನಾನು ಮಾಡಿರಲಿಲ್ಲ. ನೀಲವ್ವ ಆ ಒರಟು ಕಲ್ಲಿನ ಮೇಲೆ ಕಾಲು ಚಾಚಿ ಕುಳಿತು ಬೆಳ್ಳುಳ್ಳಿ ಸುಲಿಯುತ್ತಿದ್ದರು. "ಬರ್ರಿ ಬಾಯಾರ, ಕುಂದರ್ರಿ," ಎಂದರು, ಮೊದಲಿನ ದೊಡ್ಡ ದನಿಯಲ್ಲೇ. ನಾನು ಕುಳಿತು ಎಲ್ಲವನ್ನೂ ಹೇಳಿದೆ. ಏಳನೆಯ ಪ್ರಶ್ನೆ, ಬೆವರು, ನಡುಕ, ಒದ್ದೆ ನೆಲ ಎಂದು ನಾನು ಅವರ ಬಾಯಿಗೆ ಹಾಕಿದ ಮಾತು, ಬಸ್ಸಿನಲ್ಲಿ ತುಂಬಿದ ಫಾರ್ಮು. ಸುಲಿಯುವ ಕೈ ನಡುವೆ ಎಲ್ಲೋ ನಿಂತಿತ್ತು.

"ಅವತ್ತs ಗೊತ್ತಿತ್ತೇನ್ರಿ ನಿಮಗ?"

"ಗೊತ್ತಿತ್ರಿ."

"ಎಲ್ಡನೇ ಸಲ ಬಿದ್ದಾಗ, ದವಾಖಾನ್ಯಾಗ ಅವರು ಸಿಕ್ಕಿದ್ರಂತಲ್ಲ ನಿಮಗ. ಅವಾಗೂ ಗೊತ್ತಿತ್ತೇನ್ರಿ?"

"ಗೊತ್ತಿತ್ರಿ."

ಕಾಲಿನ ಬಗ್ಗೆ ಬೈಯುತ್ತಾರೆ, ಹೋದ ಕೆಲಸದ ಬಗ್ಗೆ ಬೈಯುತ್ತಾರೆ ಎಂದುಕೊಂಡಿದ್ದೆ. ಬೈಸಿಕೊಳ್ಳಲು ಸಿದ್ಧಳಾಗಿಯೇ ಹೋಗಿದ್ದೆ.

"ನನ್ನ ಕಾಲಿನ ಮಾತ ಬಿಡ್ರಿ," ಎಂದರು. "ಅವರು ಈ ನೆಲಾ ನೋಡಿ ನೋಡಿ ಸತ್ತರು. ಉಣ್ಣಾಕ ಕುಂತ್ರೂ ಇದನ್ನs ನೋಡತಿದ್ರು. ಅವರಿದ್ದಾಗ ಬಂದು ಹೇಳಬೇಕಿತ್ರಿ ನೀವು."

ಔಷಧದ ಸುರಕ್ಷತೆ ನೋಡುವವರಿಗೆ, ಅಧ್ಯಯನಕ್ಕೆ ಒಪ್ಪಿಗೆ ಕೊಟ್ಟ ನೈತಿಕ ಸಮಿತಿಗೆ ಎಲ್ಲವನ್ನೂ ಬರೆದು ಕಳಿಸುತ್ತೇನೆ, ನಿಮ್ಮ ಹೆಸರು ಬೇಡವೆಂದರೆ ಹಾಕುವುದಿಲ್ಲ ಎಂದೆ.

"ಹೆಸರ ಹಾಕಿ ಬರೀರಿ. ಇಲ್ಲೆ ಕುಂತs ಬರೀರಿ, ನನ್ನ ಮುಂದ," ಎಂದರು. "ಫರಸಿದು ತಪ್ಪಿಲ್ಲ ಅಂತ ಬರೀರಿ. ನುಣುಪಿದ್ದದ್ದರದೂ ಇಲ್ಲ, ಒರಟಿದ್ದದ್ದರದೂ ಇಲ್ಲ. ಗೌಂಡಿ ಈರಪ್ಪ ಹಾಕಿದ ಫರಸಿ ಅಂತ ಅವರ ಹೆಸರೂ ಹಾಕ್ರಿ."

ಅಲ್ಲೇ ಕುಳಿತು ಬರೆದೆ. ಓದಿ ಹೇಳಿದೆ. ಎರಡು ಕಡೆ ತಿದ್ದಿಸಿದರು. ನನ್ನ ಸಹಿಯ ಕೆಳಗೆ ತಮ್ಮ ಸಹಿ ಹಾಕಿದರು; ಆ ಮಣಿಕಟ್ಟು ಇನ್ನೂ ಪೂರ್ತಿ ತಿರುಗುವುದಿಲ್ಲ. ಕ್ಷಮಿಸಿದೆ ಎನ್ನಲಿಲ್ಲ. ಚಹಾ ಕುಡಿಯಿರಿ ಎನ್ನಲಿಲ್ಲ. ಆ ಮನೆಯಿಂದ ಚಹಾ ಕುಡಿಯದೆ ನಾನು ಎದ್ದದ್ದು ಅದೇ ಮೊದಲು, ಮತ್ತು ಅದು ಸರಿಯಾಗಿಯೇ ಇತ್ತು.

ಕಾಗದ ಹೋಯಿತು. ಔಷಧದ ಸುರಕ್ಷತೆ ನೋಡುವವರಿಗೂ ಸಮಿತಿಗೂ ಕಂಪನಿಗೂ. ನೀಲವ್ವ ಒಬ್ಬರದೇ ಅಲ್ಲ, ಏಳನೆಯ ಪ್ರಶ್ನೆಗೆ ನಾನು ತುಂಬಿದ ಉತ್ತರ ಒಂದನ್ನೂ ನಂಬಬೇಡಿ, ನನ್ನ ಕೇಂದ್ರದ ಆ ಭಾಗವನ್ನು ಪೂರ್ತಿ ತೆಗೆದು ಹಾಕಿ, ಬಣ್ಣದ ಕಾಗದ ಇನ್ನೂ ಯಾರ ಡ್ರಾಯರಿನಲ್ಲಿದೆಯೋ ಅವರಿಗೆಲ್ಲ ತಿಳಿಸಿ ಎಂದು ಬರೆದಿದ್ದೇನೆ. ಪ್ರಶಸ್ತಿಪತ್ರವನ್ನೂ ಅದರ ಜೊತೆಗಿಟ್ಟೆ. ಅಧ್ಯಯನ ನಡೆಸಿದ ಡಾಕ್ಟರಿಗೆ ಕೋಪ ಬಂದಿದೆ, ಅದು ನ್ಯಾಯವೇ. ಪುಣೆಯ ಮೇಲ್ವಿಚಾರಕರು ಫೋನ್ ಮಾಡಿ, ಅಷ್ಟು ಹಿಂದಿನದು ನಿಮಗೆ ನೆನಪಿರಲಾರದು, ಅನುಮಾನವಿತ್ತು ಎಂದು ಬರೆದರೆ ನಿಮಗೂ ಒಳ್ಳೆಯದು ಎಂದರು. ನೆನಪಿದೆ ಎಂದೆ. ನನ್ನ ಮೇಲೆ ಯಾವ ಕ್ರಮ ಬರುತ್ತದೋ ಬರಲಿ. ಅದಕ್ಕೆ ಹೆದರಿದ್ದರೆ ಇದನ್ನು ನಿಮ್ಮ ಮುಂದೆ ಹೀಗೆ ಇಡುತ್ತಿರಲಿಲ್ಲ.

ಮೊನ್ನೆ ಸಮಿತಿಯ ಕಚೇರಿಯಿಂದ ಒಬ್ಬರು ಫೋನ್ ಮಾಡಿದ್ದರು. ಮೃದುವಾದ ಮನುಷ್ಯ, ನನ್ನನ್ನು ನೋಯಿಸುವ ಇಚ್ಛೆ ಅವರಿಗಿರಲಿಲ್ಲ.

"ಮೇಡಂ, ಉಳದದ್ದೆಲ್ಲಾ ಹಂಗs ತಗೋತೇವ್ರಿ," ಎಂದರು. "ಕಡೀಕ ಒಂದ ಸಾಲ ಐತಲ್ರಿ, ಫರಸಿದು, ಆ ಗೌಂಡಿ ಹೆಸರಿಂದು. ಅದು ಔಷಧಕ್ಕ ಸಂಬಂಧ ಇಲ್ರಿ. ಅದೊಂದ ತಗದು ಇನ್ನೊಂದ ಪ್ರತಿ ಕಳಸ್ರಿ."

"ಈ ಕಾಗದದಾಗ ನಾ ಸ್ವತಃ ಬರದದ್ದು ಬಾಳ ಐತ್ರಿ, ಅದರಾಗ ಏನ್ ಬೇಕಾದ್ರೂ ತಗೀರಿ," ಎಂದೆ. "ಆ ಸಾಲ ನಂದಲ್ರಿ. ತಗಿಯೂದಿಲ್ಲ."

ಅವರು ಹಾಗಾದರೆ ತಡವಾಗುತ್ತದೆ ಎಂದರು. ಆಗಲಿ ಎಂದೆ. ಇನ್ನೊಂದು ಪ್ರತಿ ಕಳಿಸಿಲ್ಲ. ಕಳಿಸುವುದೂ ಇಲ್ಲ.